ಗ್ರೀಸ್ ಹಚ್ಚಿದ ಸ್ಟೇರಿಂಗ್

ಗಬ್ಬೂರ, ಹುಬ್ಬಳ್ಳಿ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಶಾಜಿಯಾ ಆಪಾ,

ನಿನ್ನ ತಮ್ಮ ಫೈಜಾನನ ಸಲಾಂ. ಹೇಗಿದ್ದೀ? ನಮ್ಮ ಭಾವ ಇಕ್ಬಾಲ ಭಾಯಿಯ ಕಾಲಿನ ಪ್ಲಾಸ್ಟರ್ ಬಿಚ್ಚಲು ಇನ್ನೂ ಎಷ್ಟು ದಿನ? ಆರ್ಜೂಳ ಕೆಮ್ಮು ಇಳಿಯಿತೇ? ಇಳಿಯದಿದ್ದರೆ ಗದಗಿನ ಡಾಕ್ಟರನ್ನು ಬಿಟ್ಟು ಒಮ್ಮೆ ಅಮ್ಮಿಯ ಅಜವಾನದ ಕಷಾಯ ಕುಡಿಸಿ ನೋಡು. ಕೆಮ್ಮು ಹೋಗದಿದ್ದರೂ ಆ ವಾಸನೆಗೆ ಹೆದರಿ ಹುಡುಗಿ ಕೆಮ್ಮುವುದನ್ನು ಬಿಡುತ್ತಾಳೆ. ಇಲ್ಲಿ ಅಮ್ಮಿಗೆ ಮೊಣಕಾಲು ನೋವು ಇದ್ದದ್ದೇ. ಮೆಟ್ಟಿಲು ಹತ್ತಬೇಡ ಎಂದರೆ ಕೇಳುವುದಿಲ್ಲ, ಹತ್ತಿ ಇಳಿದು ಮೊಣಕಾಲನ್ನು ಬೈಯುತ್ತಾಳೆ. ಅಬ್ಬಾ ಆರಾಮ ಇದ್ದಾರೆ. ಗ್ಯಾರೇಜಿನ ಅಂಗಡಿಯಲ್ಲಿ ಗಾಲಿ ನೇರ ಮಾಡುವ ವ್ಹೀಲ್ ಅಲೈನ್‌ಮೆಂಟಿಗೆ ಹೊಸ ಕಂಪ್ಯೂಟರ್ ಮಶೀನು ಬಂದು ವರ್ಷವಾಯಿತಲ್ಲ, ಈಗಲೂ ಅದು ಹೇಳಿದ್ದನ್ನು ನಂಬುವುದಿಲ್ಲ. ಅದರ ಲೆಕ್ಕ ಮುಗಿದ ಮೇಲೆ ತಾವೊಮ್ಮೆ ದಾರ ಕಟ್ಟಿ ಅಳೆದು, ಮಶೀನು ಸರಿಯಾಗಿ ಹೇಳಿದ್ದರೆ ಅದರ ಬೆನ್ನು ತಟ್ಟುತ್ತಾರೆ.

ಫೋನಿದ್ದೂ ಕಾಗದ ಯಾಕೆ ಎಂದು ನಗಬೇಡ. ಮಂಗಳವಾರದಿಂದ ನಾಲ್ಕು ಸಲ ಮೊಬೈಲಿನಲ್ಲಿ ಟೈಪು ಮಾಡಿ ನಾಲ್ಕು ಸಲ ಅಳಿಸಿದೆ. ಫೋನು ಮಾಡಿದರೆ ನೀನು "ಏನಪಾ ಹೀರೋ" ಎನ್ನುತ್ತೀ, ಅಲ್ಲಿಗೆ ನನ್ನ ಬಾಯಿ ಕಟ್ಟುತ್ತದೆ. ಮನೆಯ ಮಾತು ಉರ್ದುವಾದರೂ ನನಗೆ ಅಕ್ಷರ ತಿದ್ದಿಸಿದವಳು ಕನ್ನಡ ಸಾಲಿಯಲ್ಲಿ ಓದಿದ ನೀನು. ಅದಕ್ಕೇ ಕನ್ನಡದಲ್ಲಿ, ನೀನೇ ಕಲಿಸಿದ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಜುಮ್ಮಾ ನಮಾಜು ಮುಗಿದಿದೆ, ಅಬ್ಬಾ ಮನೆಗೆ ಊಟಕ್ಕೆ ಹೋಗಿದ್ದಾರೆ, ನಾಲ್ಕರವರೆಗೆ ಅಂಗಡಿಗೆ ಯಾರೂ ಬರುವುದಿಲ್ಲ.

ಮಂಗಳವಾರ ನೀನು ಫೋನು ಮಾಡಿದಾಗ ಅಬ್ಬಾ ಸ್ಪೀಕರ್ ಹಾಕಿದ್ದರು. ಇಕ್ಬಾಲ ಭಾಯಿಯ ಕಾಲು ಇನ್ನೂ ಆರು ತಿಂಗಳು ಕ್ಲಚ್ ಒತ್ತುವ ಹಾಗಿಲ್ಲ, ಬಾಡಿಗೆ ಡ್ರೈವರ್ ದಿನ ಬಿಟ್ಟು ದಿನ ಬರುತ್ತಾನೆ, ನೀನು ಹೊಲಿದ ಸಾಲಿ ಯೂನಿಫಾರ್ಮು ಮುಂಡರಗಿಗೂ ಲಕ್ಷ್ಮೇಶ್ವರಕ್ಕೂ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿಲ್ಲ, ಆದ್ದರಿಂದ ವ್ಯಾನು ಮಾರಿ ಊರೊಳಗಿನ ಹೊಲಿಗೆಯನ್ನಷ್ಟೇ ಇಟ್ಟುಕೊಳ್ಳುತ್ತೇನೆ ಎಂದೆ. ಹಿಂದಿನಿಂದ ಇಕ್ಬಾಲ ಭಾಯಿ "ನೀನ ಗಾಡಿ ಕಲಿ ಅಂದ್ರ ಕೇಳವಲ್ಲಳು ನೋಡ್ರಿ ಮಾಮಾ" ಎಂದು ಕೂಗಿದ್ದು ಕೇಳಿಸಿತು. ಅದಕ್ಕೆ ನೀನು ನಗುತ್ತಲೇ "ನನಗ ರೋಡಿನ ಅಂದಾಜು ಇಲ್ಲಪಾ, ಅಬ್ಬಾನ ಹೇಳ್ಯಾರ" ಎಂದೆ. ಅಬ್ಬಾ ಫೋನಿಟ್ಟು "ಛಲೋ ಗಿರಾಕಿ ನೋಡು" ಎಂದು ನನಗೆ ಹೇಳಿದರು. ನಾನು ನೋಡಿಯೂ ಬಿಟ್ಟೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಕಾರಖಾನೆ ಇಟ್ಟಿರುವ ಬಸವಕಿರಣ ಎನ್ನುವವರು ಈ ರವಿವಾರ ವ್ಯಾನು ನೋಡಲು ಗದಗಿಗೆ ಬರುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮಂಗಳವಾರದಿಂದ ಹೆಗಲು ಒರೆಸಿಕೊಳ್ಳುತ್ತಲೇ ಇದ್ದೇನೆ ಆಪಾ. ರೋಡಿನ ಅಂದಾಜಿನ ಆ ಮಾತು ಅಬ್ಬಾರದ್ದಲ್ಲ. ನನ್ನದು.

ಮೊದಲಿನಿಂದ ಹೇಳುತ್ತೇನೆ. ನಮ್ಮ ಆ ಕಂಪ್ಯೂಟರ್ ಆಟದ ಸ್ಟೇರಿಂಗ್ ನೆನಪಿದೆಯಲ್ಲ? ನಾನು ಒಂಬತ್ತನೇ ತರಗತಿಯಲ್ಲಿದ್ದೆ, ನಿನಗೆ ಆಗತಾನೇ ಹದಿನೆಂಟು ತುಂಬಿತ್ತು. ಮಾಳಮಡ್ಡಿಯ ಹೆಣ್ಣುಮಗಳೊಬ್ಬರು ಕಾರು ಎಡಕ್ಕೆ ಎಳೆಯುತ್ತದೆ ಎಂದು ಅಂಗಡಿಗೆ ತಂದಿದ್ದರು. ಡಿಕ್ಕಿಯಲ್ಲಿ ಅವರ ಮಗ ಸುಶ್ರುತನ ಆಟದ ಸ್ಟೇರಿಂಗೂ ಪೆಡಲೂ ಇದ್ದವು. "ಇದು ಮನ್ಯಾಗ ಇದ್ದರ ಇವ ಪಿಯುಸಿ ಪಾಸಾಗೂದಿಲ್ಲ, ನೀವರೆ ಒಯ್ರಿ" ಎಂದು ಕೊಟ್ಟುಹೋದರು. ಅಬ್ಬಾ ಅದನ್ನು ಬೆಂಚಿನ ಮೇಲಿಟ್ಟು ತಿರುಗಿಸಿ "ಮುಕ್ಕಾಲ ಸುತ್ತಿಗೇ ನಿಲ್ಲತೈತಿ, ಇದರ ಒಳಗಿನ ಹಲ್ಲಿನ ರ‍್ಯಾಕ್ ಹೋಗೇತಿ" ಎಂದು ಅರ್ಧ ದಿನ ಚಿಂತೆ ಮಾಡಿದರು. ಅದು ಇರುವುದೇ ಹಾಗೆ ಎಂದು ನಾನು ಹೇಳಿದರೆ, ಹಾಗಾದರೆ ಇದನ್ನು ಮಾಡಿದವನಿಗೇ ಬುದ್ಧಿಯಿಲ್ಲ ಎಂದರು. ಅಮ್ಮಿಯ ಹೊಲಿಗೆ ಮಶೀನಿನ ಹಲಗೆಗೆ ಗ್ಯಾರೇಜಿನ ಎರಡು ಕ್ಲ್ಯಾಂಪು ಬಿಗಿದು ಅದನ್ನು ಕೂಡಿಸಿದೆವು. ಬ್ರೇಕ್ ಒತ್ತಿದಾಗಲೆಲ್ಲ ಪೆಡಲು ಮುಂದೆ ಜಾರುತ್ತಿತ್ತೆಂದು ಅದರ ಹಿಂದೆ ಜೋಳದ ಚೀಲ. ತಿರುಗಿಸಿದರೆ ಒಳಗಿನ ಮೋಟಾರು ಮಿಕ್ಸರಿನಂತೆ ಕಿರುಗುಟ್ಟುತ್ತಿತ್ತು, ಅಮ್ಮಿ ಅಡುಗೆಮನೆಯಿಂದ "ಚಟ್ನಿ ಆತೇನು?" ಎಂದು ಕೇಳುತ್ತಿದ್ದಳು. ಮಾವ ಕೊಟ್ಟಿದ್ದ ಹಳೆಯ ಕಂಪ್ಯೂಟರು ಬೇರೆ, ಹತ್ತು ನಿಮಿಷಕ್ಕೊಮ್ಮೆ ಕಾದು ನಿಲ್ಲುತ್ತಿತ್ತು. ಆದರೂ ಆ ಎರಡು ತಿಂಗಳಷ್ಟು ಸುಖ ನಾನು ಮತ್ತೆ ಕಂಡಿಲ್ಲ.

ಆ ಆಟದೊಳಗಿನ ರೇಸಿನ ದಾರಿ ಯಾವುದೋ ಪರದೇಶದ ಗುಡ್ಡದ ಮೇಲಿನದು. ಏರು ಮುಗಿಯುವ ತುದಿಯಲ್ಲೇ ಎಡಕ್ಕೆ ಹೊರಳಿ ಒಮ್ಮೆಲೇ ಇಳಿಯುವ ತಿರುವು, ಆಚೆ ಏನಿದೆ ಎಂದು ಕಾಣುತ್ತಲೇ ಇರಲಿಲ್ಲ. ನಾನು ಅಲ್ಲಿ ಕೊನೆಯ ಗಳಿಗೆಯವರೆಗೂ ಎಕ್ಸಲರೇಟರ್ ಒತ್ತಿ, ಆಮೇಲೆ ಬ್ರೇಕಿನ ಮೇಲೆ ಎದ್ದು ನಿಂತು, ದಿನಾ ಹುಲ್ಲಿಗೆ ಬೀಳುತ್ತಿದ್ದೆ. ನೀನು ಹಿಟ್ಟಿನ ಡಬ್ಬಿಯ ಮೇಲೆ ನೆಟ್ಟಗೆ ಕೂತು, ಏರು ಮುಗಿಯುವ ಮೊದಲೇ ಒಮ್ಮೆ ಬ್ರೇಕ್ ಒತ್ತಿ ಬಿಟ್ಟು, ಸ್ಟೇರಿಂಗನ್ನು ಎರಡು ಬೆರಳಿನಷ್ಟೇ ತಿರುಗಿಸುತ್ತಿದ್ದೆ. ಗಾಡಿ ತಾನಾಗಿ ಹೊರಳಿ ಇಳಿಯುತ್ತಿತ್ತು. ನೋಡುವವರಿಗೆ ನಿಧಾನ ಎನಿಸುತ್ತಿತ್ತು. ಗಡಿಯಾರ ಬೇರೆಯೇ ಹೇಳುತ್ತಿತ್ತು. "ಅಂಜಿ ಬ್ರೇಕ್ ಹಾಕಬಾರದಪಾ, ತಿಳದು ಹಾಕಬೇಕು" ಎನ್ನುತ್ತಿದ್ದೆ. ಒಂದು ಗುರುವಾರ ಮಧ್ಯಾಹ್ನ ಒಂದು ನಿಮಿಷ ನಲವತ್ತೆರಡು ಸೆಕೆಂಡಿನಲ್ಲಿ ಸುತ್ತು ಮುಗಿಸಿದೆ. ನಾನು ಐವತ್ತೊಂದರ ಕೆಳಗೆ ಒಮ್ಮೆಯೂ ಇಳಿದವನಲ್ಲ. ಒಂಬತ್ತು ಸೆಕೆಂಡು ಎಂದರೆ ಎಷ್ಟು ಎಂಬುದು ಆ ಆಟ ಆಡಿದವರಿಗೇ ಗೊತ್ತು.

ವಿದ್ಯಾನಗರದ ಗೇಮಿಂಗ್ ಅಂಗಡಿಯವರು ಸ್ಪರ್ಧೆ ಇಟ್ಟಿದ್ದರು. ಮನೆಯಲ್ಲಿ ಓಡಿಸಿದ ಸುತ್ತನ್ನು ಪೆನ್‌ಡ್ರೈವಿನಲ್ಲಿ ಕೊಡಬೇಕು, ಜಾಸ್ತಿ ವೇಗದ ಆರು ಮಂದಿಯನ್ನು ಫೈನಲಿಗೆ ಕರೆಯುತ್ತಾರೆ. ನೀನು ನಿನ್ನ ಸುತ್ತು ತುಂಬಿಕೊಟ್ಟು "ಶಾಜಿಯಾ ಅಂತ ಛಂದಾಗಿ ಬರಿ" ಎಂದು ಕಳಿಸಿದೆ. ತಿರುಗಿ ಬಂದು ನಾನು ಹೇಳಿದ್ದು, "ಹುಡಿಗ್ಯಾರ ಹೆಸರು ತಗೊಳ್ಳೂದಿಲ್ಲಂತ, ಅದಕ್ಕ ನಂದ ಬರದೆ." ಅಂಥ ನಿಯಮ ಇರಲೇ ಇಲ್ಲ ಆಪಾ. ನಡೆದದ್ದು ಇಷ್ಟು: ಕೌಂಟರಿನವನು ನಿನ್ನ ಸುತ್ತನ್ನು ದೊಡ್ಡ ಪರದೆಯ ಮೇಲೆ ಹಾಕಿದ, ಸಮಯ ನೋಡಿ ಅಲ್ಲಿದ್ದ ಹುಡುಗರು ಸೀಟಿ ಹೊಡೆದರು, "ನಿಂದನ?" ಎಂದು ಕೇಳಿದರು, ನಾನು ಹೂಂ ಎಂದೆ. ನಮ್ಮಪ್ಪನ ಎಣ್ಣೆ ಬಟ್ಟೆ ನೋಡಿ ಮೂಗು ಮುರಿಯುವ ಹುಡುಗರು ಅವರು. ಒಂದು ಹೂಂಗೆ ಅಷ್ಟು ಗೌರವ ಸಿಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೀನು ನನ್ನ ಸುಳ್ಳನ್ನು ನಂಬಿ "ಹೋಗಲಿ ಬಿಡು. ಅಬ್ಬಾಗ ಮಾತ್ರ ರವಿವಾರ ನಾನ ಓಡಿಸಿ ತೋರಸ್ತೇನಿ, ಆವಾಗ ನಮ್ಮ ಓಮ್ನಿ ವ್ಯಾನ್ ಕಲಸ್ರಿ ಅಂತ ಕೇಳತೇನಿ" ಎಂದೆ.

ಆದರೆ ಶುಕ್ರವಾರವೇ ಗೇಮಿಂಗ್ ಅಂಗಡಿಯವರು ಅಬ್ಬಾರ ಮೊಬೈಲಿಗೆ ಫೋನು ಮಾಡಿ, ಹುಬ್ಬಳ್ಳಿ-ಧಾರವಾಡದಲ್ಲೇ ನಿಮ್ಮ ಮಗನದು ಎಲ್ಲರಿಗಿಂತ ವೇಗದ ಸುತ್ತು ಎಂದರು. ಅಬ್ಬಾ ಆವತ್ತು ಗ್ಯಾರೇಜಿಗೆಲ್ಲ ಗಿರಮಿಟ್ಟು, ಮಿರ್ಚಿ ತರಿಸಿದರು. ಬಂದ ಗಿರಾಕಿಗಳಿಗೆಲ್ಲ "ಅಬ್ದುಲಮಜೀದನ ಮಗಾ, ಕೈ ಸುಳ್ಳ ಆಗತೈತೇನು?" ಎನ್ನುತ್ತಿದ್ದರು. ಗಾಡಿಯ ಸ್ಟೇರಿಂಗ್ ಮುಟ್ಟಿಯೇ ಯಾವ ಟಾಯರು ಸವೆದಿದೆ ಎಂದು ಹೇಳುವ ಮನುಷ್ಯ. ರವಿವಾರ ನೀನು ಅವರ ಮುಂದೆ ಕೂತರೆ ಎರಡು ತಿರುವಿನಲ್ಲಿ ಆ ಕೈ ಯಾರದೆಂದು ತಿಳಿದುಬಿಡುತ್ತಿತ್ತು.

ಶನಿವಾರ ಬೆಳಿಗ್ಗೆ ನಾನೇ ಅಬ್ಬಾರ ಹತ್ತಿರ ಹೋಗಿ "ಸ್ಟೇರಿಂಗ್ ಬಿಗಿ ಆಗೈತ್ರಿ, ಗ್ರೀಸ್ ಹಚ್ಚ್ರಿ" ಎಂದೆ. ಗ್ರೀಸಿಗೆ ಬಗ್ಗದ ಸ್ಟೇರಿಂಗ್ ರೋಗ ಭೂಮಿಯ ಮೇಲೆ ಇಲ್ಲ ಎಂದು ನಂಬಿದವರು ಅವರು; ಲಾರಿಗೆ ಹಾಕುವ ಚಾಸಿ ಗ್ರೀಸನ್ನು ಎಷ್ಟು ಪ್ರೀತಿಯಿಂದ ತುಂಬಿದರು ಎಂದರೆ ತಿರುಪಿನ ತೂತಿನಿಂದೆಲ್ಲ ಹೊರಗೆ ಬಂತು. ಒಳಗೆ ತಿರುವನ್ನು ಅಳೆಯುವ ನಾಜೂಕು ಪಟ್ಟಿಯೊಂದು ಇರುತ್ತದೆ, ಅದಕ್ಕೆ ಗ್ರೀಸು ತಾಗಿದರೆ ಕಥೆ ಮುಗಿಯಿತು ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವರು ಹಚ್ಚುವಾಗ ನಾನು ಪಕ್ಕದಲ್ಲಿ ನಿಂತು ಡಬ್ಬಿ ಹಿಡಿದುಕೊಂಡಿದ್ದೆ. ಆಮೇಲೆ ಅದು ಮತ್ತೆ ಸರಿಯಾಗಲಿಲ್ಲ. ಸುಮ್ಮನಿಟ್ಟರೂ ಪರದೆಯ ಮೇಲಿನ ಗಾಡಿ ಗೋಡೆಗೆ ಹೋಗಿ ಬಡಿಯುತ್ತಿತ್ತು. ನೀನು ಒಂದು ದಿನ ಪೂರ್ತಿ ಹತ್ತಿ, ಸ್ಪಿರಿಟ್ಟು ಹಿಡಿದು ಒರೆಸಿದೆ. ಫೈನಲಿನಲ್ಲಿ ನಾನು ಆರು ಮಂದಿಯಲ್ಲಿ ಆರನೆಯವನಾದೆ. ಅಬ್ಬಾ ನನ್ನನ್ನು ಬೈಯಲಿಲ್ಲ. "ನಾನ ಗ್ರೀಸ್ ಹಚ್ಚಿ ನಿನ್ನ ಪ್ರಾಕ್ಟೀಸ್ ಕೆಡಿಸಿದೆ" ಎಂದರು. ಹನ್ನೊಂದು ವರ್ಷದಿಂದ ಅವರು ಹಾಗೆಯೇ ತಿಳಿದಿದ್ದಾರೆ.

ಇಷ್ಟಕ್ಕೇ ನಿಂತಿದ್ದರೆ ಹುಡುಗುತನ ಎನ್ನಬಹುದಿತ್ತು. ಮುಂದಿನ ತಿಂಗಳು ನೀನು ಓಮ್ನಿ ಕಲಿಸ್ರಿ ಎಂದು ಅಬ್ಬಾರನ್ನು ಕೇಳಿದೆ. ಅವರು ನಿನಗೆ ಉತ್ತರ ಕೊಡುವ ಮೊದಲು ನನ್ನನ್ನು ಗ್ಯಾರೇಜಿನ ಹಿಂದೆ ಕರೆದು "ನೀ ನೋಡೀ ಅಲ್ಲ, ಆಕಿ ಕೈ ಹೆಂಗೈತಿ?" ಎಂದು ಕೇಳಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನಾದರೂ ಹೇಳಬಹುದಿತ್ತು, ಸುಮ್ಮನಾದರೂ ಇರಬಹುದಿತ್ತು. ನಾನು "ಆಕಿಗೆ ರೋಡಿನ ಅಂದಾಜು ಇಲ್ರಿ ಅಬ್ಬಾ, ಗಾಡಿ ಕೊಟ್ಟರ ಯಾರಿಗರೆ ಹಾಯಸ್ತಾಳ" ಎಂದೆ. ನನ್ನ ಮಾತನ್ನೇ ಅವರು ನಿನಗೆ ಹೇಳಿದರು. ನೀನು ಹೊಲಿಗೆ ಮಶೀನಿನ ಮುಂದೆ ಹೋಗಿ ಕೂತೆ. ನನಗೆ ಲೈಸೆನ್ಸು ಸಿಕ್ಕ ದಿನದಿಂದ ಅಂಗಡಿಗೆ ಬಂದ ಗಾಡಿಯನ್ನೆಲ್ಲ ಬೈಪಾಸಿನ ಮೇಲೆ ಓಡಿಸಿ ನೋಡುವ ಕೆಲಸ ನನ್ನದು, ಯಾಕೆಂದರೆ ನನಗೆ 'ಕೈ' ಇದೆ. ಸ್ಟೇರಿಂಗ್ ಎಳೆಯುತ್ತದೋ ಇಲ್ಲವೋ ನನಗೆ ಎಷ್ಟೋ ಸಲ ತಿಳಿಯುವುದೇ ಇಲ್ಲ ಆಪಾ. ತಿಳಿದವನಂತೆ ತಲೆಯಾಡಿಸಿ ಮಶೀನಿನ ಚೀಟಿ ನೋಡಿ ಹೇಳುತ್ತೇನೆ. ನಾಚಿಕೆಯಾಗುತ್ತದೆ. ಈ ಮಾತನ್ನು ಇದಕ್ಕಿಂತ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ.

ನಿನಗೆ ಹೇಳಬೇಕಾದದ್ದು ಒಂದೇ. ನಿನಗೆ ರೋಡಿನ ಅಂದಾಜು ಇದೆ. ನಮ್ಮ ಮನೆಯಲ್ಲಿ ಅಬ್ಬಾರನ್ನು ಬಿಟ್ಟರೆ ಇರುವುದು ನಿನಗೊಬ್ಬಳಿಗೇ. ಆಟದ ಗಾಡಿ ಬೇರೆ, ನಿಜದ ಗಾಡಿ ಬೇರೆ ಎಂದು ನೀನು ಹೇಳಬಹುದು, ಖರೇ ಇದೆ. ಆದರೆ ತಿಳಿದು ಬ್ರೇಕ್ ಹಾಕುವವರಿಗೆ ಉಳಿದದ್ದನ್ನು ಕಲಿಸಬಹುದು. ಅಬ್ಬಾಗೆ ಇದನ್ನೆಲ್ಲ ಹೇಳುವ ಧೈರ್ಯ ಮಾತ್ರ ನನಗಿಲ್ಲ. ಅವರ ಮುಖ ನೋಡಿ ಗ್ರೀಸಿನ ಮಾತು ಎತ್ತಲಾರೆ. ನೀನೇ ಯಾವಾಗಲಾದರೂ ಹೇಳು ಎನ್ನುವಷ್ಟು ಹೇಡಿ ನಾನು. ಬೈಯುವುದಿದ್ದರೆ ಕಾಗದದಲ್ಲೇ ಬೈ, ಫೋನಿನಲ್ಲಿ ಬೇಡ, ಅಬ್ಬಾ ಸ್ಪೀಕರ್ ಹಾಕುತ್ತಾರೆ.

ಇಕ್ಬಾಲ ಭಾಯಿಗೆ ಸಲಾಂ ಹೇಳು, ಆರ್ಜೂಳ ಎರಡೂ ಗಲ್ಲಕ್ಕೆ ನನ್ನ ಮುತ್ತು. ಅಲ್ಲಾಹನು ನಿನ್ನ ಕೈಗೆ ಬರಕತ್ತು ಕೊಡಲಿ, ನನಗೆ ನಿನ್ನ ಮುಂದೆ ತಲೆಯೆತ್ತುವ ಒಂದು ದಿನ ಕೊಡಲಿ.

ನಿನ್ನ ತಮ್ಮ,
ಫೈಜಾನ

ತಾ.ಕ.: ಆಪಾ, ಲಕೋಟೆಗೆ ಹಾಕುವಷ್ಟರಲ್ಲಿ ಅಬ್ಬಾ ಬಂದುಬಿಟ್ಟರು. "ಶಾಜಿಯಾಗ ಇಷ್ಟುದ್ದ ಏನ ಬರದಿ? ಓದು" ಎಂದು ಸ್ಟೂಲು ಎಳೆದುಕೊಂಡು ಕೂತರು. ಅವರಿಗೆ ಕನ್ನಡ ಓದಲು ಬಾರದು, ಬೇಕಾದ್ದನ್ನು ಬಿಟ್ಟು ಓದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಗ್ರೀಸಿನ ಹತ್ತಿರ ಬಂದಾಗಲೂ ಬಿಡಲಿಲ್ಲ, ಎಲ್ಲ ಓದಿದೆ. ಎಲ್ಲ ಕೇಳಿಸಿಕೊಂಡು ಅಬ್ಬಾ "ಆ ಇಳಿಜಾರಿನ ತಿರುವಿಂದು ಇನ್ನೊಮ್ಮೆ ಓದು" ಎಂದರು. ಓದಿದೆ. ಮತ್ತೆ ಓದಿಸಿದರು. ಮೂರು ಸಲ. "ಎರಡ ಬೆರಳ ಅಷ್ಟ?" ಎಂದು ಕೇಳಿದರು. ಹೌದೆಂದೆ. ಬಸವಕಿರಣರಿಗೆ ಅವರೇ ಫೋನು ಮಾಡಿ ಗಾಡಿ ಮಾರುವುದಿಲ್ಲ ಎಂದು ಹೇಳಿದ್ದಾರೆ. ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ನಿನ್ನ ಹತ್ತಿರ ಬರುತ್ತಾರೆ, ಕಲಿಸುವವರೆಗೆ ಅಲ್ಲೇ ಇರುತ್ತಾರಂತೆ. ಈ ಕಾಗದವೂ ಅವರ ಜೇಬಿನಲ್ಲೇ ಬರುತ್ತದೆ. ನಾನೂ ಬರಲೇ ಎಂದು ಕೇಳಿದೆ. "ನೀ ಇಲ್ಲೇ ಇರು. ಆಕಿ ಕರದರ ಬಾ" ಎಂದರು.