ಖಾರ ಬಿಟ್ಟ ಮೇಲೆ

11 ಜನವರಿ 2007, ಗುರುವಾರ
ಬ್ಯಾಡಗಿ. ಮಾರ್ಕೆಟ್ ದಿನ. ಯಾರ್ಡ್ ತುಂಬಾ ಚೀಲ, ಘಾಟು, ಸೀನು. ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡೇ ಅಂಗಡಿಗೆ ಹೋದೆ. ಘಾಟಿಗಿಂತ ಈ ಡ್ರಾಪ್ಸೇ ಹೆಚ್ಚು ಉರಿಯುತ್ತದೆ. ಗ್ಲಾಕೋಮಾ ಅಂತೆ — ಕಣ್ಣಿನೊಳಗೆ ಒತ್ತಡ. ಬಣ್ಣ ನೋಡಿಯೇ ಮೆಣಸಿನಕಾಯಿ ದರ ಹೇಳುವ ದಲಾಲಿ ನಾನು. ಇವತ್ತೂ ಡಬ್ಬಿ ತಳಿ ಯಾವುದು, ಕಡ್ಡಿ ತಳಿ ಯಾವುದು ಅಂತ ದೂರದಿಂದಲೇ ಹೇಳಿದೆ. ಇಂಥ ಕಣ್ಣಿಗೆ ಎಲ್ಲಿಯ ರೋಗ!

19 ಜನವರಿ, ಶುಕ್ರವಾರ
ಮೊಣಕಾಲು ನೋವಿಗೆ ಹಾವೇರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದೆ. ಇ.ಎಸ್.ಆರ್., ಸಿ.ಆರ್.ಪಿ. ಎರಡೂ ಜಾಸ್ತಿ. ಮೈಯಲ್ಲಿ ಉರಿಯೂತ ಇದೆ ಎಂದು ಗುಳಿಗೆ ಕೊಟ್ಟರು. ರಿಪೋರ್ಟ್ ಹಿಡಿದು ರಾಣೆಬೆನ್ನೂರಿನ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋದೆ. ಇದಕ್ಕೂ ಕಣ್ಣಿಗೂ ಸಂಬಂಧವೇ ಎಂದು ಕೇಳಿದೆ.
"ಐತೇನೋ ಅಂತ ಕೆಲವರು ಹುಡುಕಾಕತ್ತಾರ್ರಿ. ಇನ್ನೂ ಖಾತ್ರಿ ಇಲ್ಲ. ರಕ್ತ ಹೆಂಗರ ಇರ್ಲಿ, ಡ್ರಾಪ್ಸ್ ಮಾತ್ರ ಬಿಡಬ್ಯಾಡ್ರಿ."
ಬಸ್ಸಿನಲ್ಲಿ ಮೊದಲ ಮಾತೊಂದೇ ತಲೆಯಲ್ಲಿ. ಹಗಲೆಲ್ಲ ಘಾಟಿನಲ್ಲಿ ಕೂತು, ಮೂರು ಹೊತ್ತೂ ಖಾರ ತಿಂದರೆ ರಕ್ತ ಉರಿಯದೆ ಇನ್ನೇನು? ಮೂಲ ಸಿಕ್ಕಿತು.

22 ಜನವರಿ
ಖಾರ ಬಿಟ್ಟೆ. ಮೆಣಸಿನಕಾಯಿ ದಲಾಲಿ ಮನೆಯಲ್ಲಿ ಮಜ್ಜಿಗೆ ಅನ್ನ! ನಿರ್ಮಲಾ ನಕ್ಕಳು, ಆಮೇಲೆ ತಾನೂ ಅದನ್ನೇ ಉಂಡಳು. ಮದುವೆಯಾಗಿ ಮೂವತ್ತು ವರ್ಷವಾದ ಹೆಂಡತಿ, ಅಷ್ಟಾದರೂ ಮಾಡಬೇಕಲ್ಲ.

5 ಫೆಬ್ರುವರಿ
ಡ್ರಾಪ್ಸ್ ನಿಲ್ಲಿಸಿದೆ. ಮೂಲವೇ ಆರುತ್ತಿರುವಾಗ ಮೇಲೆ ಯಾಕೆ ಸುರಿಯಬೇಕು? ಕಣ್ಣು ಉರಿಯುತ್ತಿಲ್ಲ, ಕೆಂಪಾಗುತ್ತಿಲ್ಲ. ಆರಾಮ. ನಿರ್ಮಲಾಗೆ ಹೇಳಿಲ್ಲ... ಸುಮ್ಮನೆ ತಲೆ ತಿನ್ನುತ್ತಾಳೆ.

18 ಜೂನ್
ಹಾವೇರಿ. ರಕ್ತ ನಾರ್ಮಲ್! ಗುಳಿಗೆಯ ಗುಣ ಅಂದರು ಅಲ್ಲಿಯ ಡಾಕ್ಟರು. ಅವರಿಗೇನು ಗೊತ್ತು ನನ್ನ ಪಥ್ಯ. ಯಾರ್ಡಿನಲ್ಲಿ ಎಲ್ಲರಿಗೂ ರಿಪೋರ್ಟ್ ತೋರಿಸಿದೆ. ರಾಣೆಬೆನ್ನೂರಿಗೆ ಹೋಗುವ ಅಗತ್ಯವೇ ಕಾಣಲಿಲ್ಲ.

6 ಡಿಸೆಂಬರ್, ಗುರುವಾರ
ಹೊಸ ಮಾಲು ಬಂದಿದೆ. ರಾಶಿಯೊಂದರ ಮೇಲೆ ಕಾಲಿಟ್ಟು ಬಿದ್ದೆ. ಹಮಾಲ ಫಕ್ರುದ್ದೀನ ಎತ್ತಿ ಕೂರಿಸಿದ. ಮೆತ್ತಗೆ ಕೇಳಿದ — "ಸಾವಕಾರ್ರ, ಇಷ್ಟು ದೊಡ್ಡ ರಾಶಿ ಕಾಣ್ಲಿಲ್ಲೇನ್ರಿ?"
ಬೈದು ಕಳಿಸಿದೆ. ಖರೇ ಹೇಳಬೇಕೆಂದರೆ, ಕಾಣಲಿಲ್ಲ.

10 ಡಿಸೆಂಬರ್
ರಾಣೆಬೆನ್ನೂರು. ನಿರ್ಮಲಾ ಜೊತೆಗೆ ಬಂದಳು. ನೋಟದ ಪರೀಕ್ಷೆ: ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತಬೇಕು. ಬಹಳ ಹೊತ್ತು ಒತ್ತಲೇ ಇಲ್ಲ, ಮಷೀನು ಕೆಟ್ಟಿದೆ ಅಂದುಕೊಂಡೆ. ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ರಕ್ತದ ರಿಪೋರ್ಟ್ ಮುಂದಿಟ್ಟೆ.
"ರಕ್ತ ಚಲೋ ಐತ್ರಿ. ಕಣ್ಣಿನ ಒತ್ತಡ ಭಾಳ ಏರೇತಿ. ಡ್ರಾಪ್ಸ್ ಯಾವಾಗ ಬಿಟ್ರಿ?"
ನಿರ್ಮಲಾ ನನ್ನನ್ನೇ ನೋಡುತ್ತಿದ್ದಳು. ಹೇಳಿದೆ.
"ಹೋಗಿದ್ದು ತಿರುಗಿ ಬರಂಗಿಲ್ರಿ. ಉಳದದ್ದು ಉಳಿಸಿಕೊಳ್ಳೋಣು."
ಎರಡೂ ಕಣ್ಣಲ್ಲಿ ನಡುವಿನ ನೋಟವಷ್ಟೇ ಉಳಿದಿದೆಯಂತೆ. ಅದರಲ್ಲೂ ಎಡಬದಿಯದು ಪೂರ್ತಿ ಹೋಗಿದೆ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಭಯವಾಗಿದೆ ನನಗೆ.

11 ಡಿಸೆಂಬರ್, ಮಧ್ಯಾಹ್ನ
ಇನ್ನು ಯಾಕೆ ಪಥ್ಯ? ಕೆಂಪು ಚಟ್ನಿ ಅರೆಯಲು ಹೇಳಿದೆ. ಅರೆದ ಸಪ್ಪಳ ಕೇಳಿಸಿತು, ವಾಸನೆಯೂ ಬಂತು. ತಟ್ಟೆ ಇಟ್ಟಳು. ರೊಟ್ಟಿ ಇತ್ತು, ಪಲ್ಯ ಇತ್ತು. ಚಟ್ನಿ ಎಲ್ಲಿ ಎಂದು ರೇಗಿದೆ. ನಿನ್ನೆಯ ಸಿಟ್ಟು ಹೀಗೆ ತೀರಿಸುತ್ತೀಯಾ ಎಂದೂ ಅಂದುಬಿಟ್ಟೆ.
ಅವಳು ತಟ್ಟೆಯ ಕಡೆ ಬಗ್ಗಿದಳು.
"ಹಾಕೇನ್ರಿ. ದಿನಾ ಹಾಕೋ ಜಾಗಾದಾಗ. ಎಡಕ್ಕ."
ಕತ್ತು ತಿರುಗಿಸುವುದರೊಳಗೆ ಅವಳೇ ನನ್ನ ಕೈ ಹಿಡಿದು ತಟ್ಟೆಯ ಎಡಕ್ಕೆ, ಚಟ್ನಿಯ ಮೇಲೆ ಇಟ್ಟಳು.