ಪಂಖಾ ಎಳೆದವನ ಹೆಸರು

ಜೂನ್ ೮, ಭಾನುವಾರ. ಪಾರ್ವತಿನಗರ, ಬಳ್ಳಾರಿ.

ಹೆದರಿಕೆ ಇಳಿಯುತ್ತಿಲ್ಲ. ನಾಳೆ ರಾರಾವಿಯ ದೊರೆ ಬಂಗಲೆಯ ಕಥಾಗೋಷ್ಠಿಯಲ್ಲಿ, ಈಗಿನ ಯಜಮಾನ ಕೊಟ್ಟೂರಪ್ಪನವರ ಎದುರಿಗೇ ನನ್ನ ಕತೆ ಓದಬೇಕು. ಕತೆಯಲ್ಲಿ, ಸೂರಿಗೆ ತೂಗುಹಾಕಿದ ಪಂಖಾದ ಹಗ್ಗ ಎಳೆಯುತ್ತಾ ತೂಕಡಿಸಿದ ಈರಣ್ಣನನ್ನು ಬ್ರಿಟಿಷ್ ದೊರೆ ಒದ್ದು ಕೊಲ್ಲುತ್ತಾನೆ. ಅದನ್ನು ಮುಚ್ಚಿಹಾಕಿದ ಗುಮಾಸ್ತನಿಗೆ ಬಂಗಲೆ ಸಿಗುತ್ತದೆ. ಆ ಗುಮಾಸ್ತ ಕೊಟ್ಟೂರಪ್ಪನವರ ಮುತ್ತಜ್ಜ. ಇದನ್ನೆಲ್ಲ ನನಗೆ ಹೇಳಿದ್ದು ಈರಣ್ಣನ ಮರಿಮಗಳು, ಈಗ ಅದೇ ಬಂಗಲೆಯಲ್ಲಿ ಅಡುಗೆ ಮಾಡುವ ಉಚ್ಚಂಗೆಮ್ಮ.

ಸಂಜೆ ಆಕೆಯೇ ಫೋನ್ ಮಾಡಿದ್ದರು. "ನಮ್ಮ ತಾತನ ಹೆಸರು ತೆಗಿಯವ್ವ. ನೀ ಓದಿ ಬಳ್ಳಾರಿ ಬಸ್ ಹತ್ತಿ ಹೋಗ್ತಿ. ನಾ ನಾಡಿದ್ದು ಅದ ಮನ್ಯಾಗ ರೊಟ್ಟಿ ಬಡೀಬೇಕು."

"ಬ್ಯಾರೆ ಹೆಸರು ಇಡ್ತೀನ್ರಿ" ಅಂದೆ. ಕತೆಯಲ್ಲಿ ಈರಣ್ಣನ ಹೆಸರು ಬದಲಿಸಿಯೂ ಆಯಿತು.

ಆದರೂ ಯಾರು ಹೇಳಿದ್ದು ಎಂದು ಕೊಟ್ಟೂರಪ್ಪನವರು ಕೇಳೇ ಕೇಳುತ್ತಾರೆ. ಯಾರೂ ಇಲ್ಲ, ಬರೀ ಕಲ್ಪನೆ ಎನ್ನುತ್ತೇನೆ. ಹಾಗೆನ್ನುವಾಗ ನನ್ನ ಕಣ್ಣು ಅಡುಗೆಮನೆಯ ಬಾಗಿಲಿನ ಕಡೆ ಹೋಗಿಬಿಟ್ಟರೆ?