ಅಮಾವಾಸ್ಯೆ ದಿನದ ಮಗ್ಗ

ದೊಡ್ಡಬಳ್ಳಾಪುರ
2 ಫೆಬ್ರವರಿ 2025, ಭಾನುವಾರ

ನನ್ನ ಬಂಗಾರ ಧನುಶ್ರೀಗೆ ಅಮ್ಮನ ಮುತ್ತುಗಳು.

ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಸಲು ಬಿಡುವುದಿಲ್ಲ, ಅಯ್ಯೋ ಬಿಡಮ್ಮಾ ಅಂದುಬಿಡುತ್ತೀಯ. ಇದು ಬಿಡುವ ವಿಷಯವಲ್ಲ.

ಹೋದ ವಾರ ನೀನು ಪಾಠ ಮಾಡುವ ಕಾಲೇಜಿನಲ್ಲಿ ಹಿಟ್ಲರನ ಕಾಲದ ಸಿನಿಮಾ ತೋರಿಸಲು ಕರೆದುಕೊಂಡು ಹೋದೆಯಲ್ಲ, ಅವತ್ತಿನಿಂದ ಸರಿಯಾಗಿ ಊಟ ಸೇರಿಲ್ಲ. ಆ ಬ್ರೆಡ್ ಮಾಡುವ ಹೆಂಗಸು ಯಹೂದಿ ಸಂಸಾರವನ್ನು ಹಿಟ್ಟಿನ ಮೂಟೆಗಳ ಹಿಂದೆ ಬಚ್ಚಿಟ್ಟು, ಸೈನಿಕರು ಎದುರಿಗೆ ನಿಂತರೂ ಹಿಟ್ಟು ನಾದುತ್ತಲೇ ಇದ್ದಳು. ಮಾತು ಒಂದಿಷ್ಟೂ ತಡವರಿಸಲಿಲ್ಲ. ಓದಿಲ್ಲ, ಅಧಿಕಾರವಿಲ್ಲ, ನನ್ನಂಥವಳೇ. ಲೈಟು ಹಾಕಿದ ಮೇಲೆ ನೀನು ಮೈಕು ಹಿಡಿದು, ಇಂಥವರು ನಮ್ಮ ಬೀದಿಯಲ್ಲೂ ಇದ್ದಾರೆ, ನಮ್ಮಮ್ಮ ನನ್ನ ಗೆಳತಿಯನ್ನು ಮೂರು ದಿನ ಬಚ್ಚಿಟ್ಟಿದ್ದಳು, ಎದುರುಮನೆಯವರು ಚಾಡಿ ಹೇಳದಿದ್ದರೆ ಆ ಹುಡುಗಿ ಇವತ್ತು ಬದುಕಿರುತ್ತಿದ್ದಳು ಅಂದೆ. ಹುಡುಗರೆಲ್ಲ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು ಕಣೆ.

ಅಲ್ಲಿ ಸತ್ತ ಲಕ್ಷಾಂತರ ಜನರ ಮುಂದೆ ನಮ್ಮ ಬೀದಿಯ ಕಥೆ ಎಷ್ಟರದು ಅಂತ ನನಗೂ ಗೊತ್ತು. ಆದರೆ ಆ ಹೆಂಗಸು ನಿಂತ ಜಾಗದಲ್ಲಿ ಒಂದು ದಿನ ನಾನೂ ನಿಂತಿದ್ದೆ.

ನಿನ್ನ ಗೆಳತಿ ರೂಪ ನಮ್ಮ ಮನೆಗೆ ಬಂದಾಗ ನೀನು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದೆ. ಸಮೇತನಹಳ್ಳಿಯ ಮುರಳಿ ಬೇರೆ ಜಾತಿಯವನು. ಅವನನ್ನೇ ಆಗ್ತೀನಿ ಅಂದಿದ್ದಕ್ಕೆ ಅವಳಪ್ಪ ರಾಮಾಂಜಿನಪ್ಪ ಬೆಲ್ಟಿನಲ್ಲಿ ಹೊಡೆದಿದ್ದ. ಬೆನ್ನಿನ ಬಾಸುಂಡೆಗೆ ನಾನೇ ಎಣ್ಣೆ ಹಚ್ಚಿದೆ. ಮಗ್ಗದ ಮನೆಯ ಹಿಂದಿನ ಕೋಣೆಯಲ್ಲಿ ನೂಲಿನ ಮೂಟೆಗಳ ಮಧ್ಯೆ ಚಾಪೆ ಹಾಸಿದೆ. ನಾಲ್ಕು ದಿನಕ್ಕೆ ಮುರಳಿ ಬಂದು ಕರ್ಕೊಂಡು ಹೋಗ್ತಾನೆ ಆಂಟಿ, ಅಲ್ಲಿವರೆಗೂ ಇರ್ತೀನಿ ಅಂದಳು. ಎರಡು ದಿನ ನನಗೂ ಎಲ್ಲಿಲ್ಲದ ಹುಮ್ಮಸ್ಸು. ಮಗ್ಗದ ಸದ್ದಿನಲ್ಲಿ ಅವಳ ಕೆಮ್ಮು ಯಾರಿಗೂ ಕೇಳಿಸುತ್ತಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ನಮ್ಮ ಕುಲದ ಯಜಮಾನ ಮುನಿರಾಮಯ್ಯ ಜಗಲಿಗೆ ಬಂದು ಕೂತ. ಯಾರು ಆ ಹುಡ್ಗೀನ ಇಟ್ಕೊಂಡು ಇವತ್ತು ಬಿಟ್ಟುಕೊಡೋಲ್ವೋ ಅವರ ಮನೆಯಿಂದ ನಾವ್ಯಾರೂ ಹೆಣ್ಣು ತರೋಲ್ಲ ಕಣಮ್ಮಾ, ನಿಂಗೂ ಮಗಳಿದ್ದಾಳೆ ಅಂದ. ನಗುನಗುತ್ತಲೇ ಕಾಫಿ ಕುಡಿದು ಹೋದ. ನಿಮ್ಮಪ್ಪ ಘಾಟಿ ದೇವಸ್ಥಾನಕ್ಕೆ ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ.

ಮಧ್ಯಾಹ್ನ ರೂಪಳ ಅಪ್ಪ, ಚಿಕ್ಕಪ್ಪಂದಿರು ಬೀದಿಯಲ್ಲಿ ಮನೆಮನೆ ವಿಚಾರಿಸುತ್ತಾ ಬಂದರು. ಅವರ ದನಿ ಕೇಳಿದ್ದೇ ಅವಳಿಗೆ ಕೆಮ್ಮು ಹೆಚ್ಚಾಯಿತು. ನಾನು ಓಡಿ ಹೋಗಿ ಮಗ್ಗದ ಸ್ವಿಚ್ ಹಾಕಿಬಿಟ್ಟೆ. ಅವತ್ತು ಅಮಾವಾಸ್ಯೆ. ಅಮಾವಾಸ್ಯೆಗೆ ನಮ್ಮ ಬೀದಿಯಲ್ಲಿ ಯಾರೂ ಮಗ್ಗ ಹಾಕುವುದಿಲ್ಲ, ನಿನಗೇ ಗೊತ್ತು. ಬೀದಿಗೆ ಬೀದಿಯೇ ಸುಮ್ಮನಿರುವಾಗ ನಮ್ಮದೊಂದು ಮಗ್ಗ ಲಟಪಟ ಅಂದರೆ ಯಾರಿಗೆ ಅನುಮಾನ ಬರುವುದಿಲ್ಲ? ಗಾಬರಿಯಲ್ಲಿ ದಿನ ಮರೆತೆ. ನೆಟ್ಟಗೆ ನಮ್ಮ ಬಾಗಿಲಿಗೇ ಬಂದರು, ರೂಪಳ ಜಡೆ ಹಿಡಿದು ಎಳೆದುಕೊಂಡು ಹೋದರು. ಹದಿನೈದು ದಿನಕ್ಕೆ ಹಿಂದೂಪುರದ ಕಡೆ ಮದುವೆ ಮಾಡಿದರು. ವರ್ಷ ತುಂಬುವುದರೊಳಗೆ ಸತ್ತಳು ಅಂತ ಸುದ್ದಿ ಬಂತು. ಹೇಗೆ ಸತ್ತಳು ಅಂತ ಇವತ್ತಿಗೂ ಯಾರೂ ಹೇಳಿಲ್ಲ.

ಎದುರುಮನೆ ಮುನಿರತ್ನಮ್ಮ ಯಾರಿಗೂ ಏನೂ ಹೇಳಲಿಲ್ಲ ಧನು. ಯಾರು ಚಾಡಿ ಹೇಳಿದರಮ್ಮಾ ಅಂತ ನೀನು ಅಳುತ್ತಾ ಕೇಳಿದಾಗ ನಾನು ಎದುರುಮನೆ ಕಡೆ ನೋಡಿದೆ, ಅಷ್ಟೇ. ಒಂಬತ್ತು ವರ್ಷದಿಂದ ನೀನು ಅವಳನ್ನು ಮಾತಾಡಿಸಿಲ್ಲ, ನಿನ್ನ ಮದುವೆಗೂ ಕರೆಯಲು ಬಿಡಲಿಲ್ಲ. ಮಗ್ಗದ ಸದ್ದು ಅವಳಿಗೂ ಕೇಳಿಸಿತ್ತು. ಆದರೂ ಒಂದು ದಿನವೂ ಅದನ್ನು ನನ್ನೆದುರು ಎತ್ತಿ ಆಡಲಿಲ್ಲ ಆ ತಾಯಿ. ನಿನ್ನೆ ಎಲ್ಲ ಹೇಳಿಬಿಡೋಣ ಅಂತ ಅವಳ ಮನೆಗೆ ಹೋದೆ. ಹೋದವಳು ಎರಡು ಎಸಳು ಕರಿಬೇವು ಕೇಳಿ ತಂದೆ. ನೀನಾದರೂ ಬಂದು ಅವಳ ಹತ್ತಿರ ಮಾತಾಡು.

ಬರುವ ಶನಿವಾರ ಇನ್ನೊಂದು ಸಿನಿಮಾ ಇದೆ ಅಂದೆಯಲ್ಲ. ಅಲ್ಲಿ ನನ್ನ ಹೆಸರು ಎತ್ತಬೇಡ. ಎತ್ತಲೇಬೇಕು ಅನ್ನಿಸಿದರೆ ಈ ಕಾಗದ ಓದು.

ಆ ಚಪ್ಪಾಳೆಗೆ ಯೋಗ್ಯಳಲ್ಲದ ನಿನ್ನ ಅಮ್ಮ,
ಶಕುಂತಲಮ್ಮ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ದಿನ ಮರೆತೆ ಅಂತ ಬರೆದಿದ್ದು ಸುಳ್ಳು. ಸ್ವಿಚ್ಚಿನ ಮೇಲೆ ಕೈ ಇಟ್ಟಾಗ ರೂಪ ಓಡಿ ಬಂದು ನನ್ನ ಸೆರಗು ಹಿಡಿದುಕೊಂಡು, ಬೇಡ ಆಂಟಿ, ಇವತ್ತು ಅಮಾವಾಸ್ಯೆ ಅಂದಿದ್ದಳು.